ಯುದ್ಧಕೈದಿಗಳು ಕಟ್ಟಿದ ಇಟಾಲಿಯನ್ ಚಾಪೆಲ್

ಸ್ಕಾಟ್ಲೆಂಡಿನ ಉತ್ತರಕ್ಕಿರುವ ಓರ್ಕ್ನಿ ದ್ವೀಪಸಮೂಹದಲ್ಲಿ ಲ್ಯಾಂಬ್ ಹೋಮ್ ಎಂಬ ಪುಟ್ಟ ದ್ವೀಪವಿದೆ. ಅಲ್ಲಿನ ಇಟಾಲಿಯನ್ ಚಾಪೆಲ್ ಮೂಲತಃ ತಗಡಿನ ಎರಡು ಸೈನಿಕ ಶೆಡ್ಡುಗಳು. ಅವನ್ನು ದೇವಾಲಯವಾಗಿಸಿದವರು ಎರಡನೇ ಮಹಾಯುದ್ಧದಲ್ಲಿ ಉತ್ತರ ಆಫ್ರಿಕಾದಲ್ಲಿ ಸೆರೆಸಿಕ್ಕ ಇಟಲಿಯ ಸೈನಿಕರು.

1939ರ ಅಕ್ಟೋಬರ್‌ನಲ್ಲಿ ಜರ್ಮನ್ ಜಲಾಂತರ್ಗಾಮಿಯೊಂದು ಇಲ್ಲಿನ ಸ್ಕಾಪಾ ಫ್ಲೋ ಬಂದರಿಗೆ ನುಸುಳಿ ‘ರಾಯಲ್ ಓಕ್’ ಯುದ್ಧನೌಕೆಯನ್ನು ಮುಳುಗಿಸಿತು. 800ಕ್ಕೂ ಹೆಚ್ಚು ನಾವಿಕರು ಮಡಿದರು. ಪೂರ್ವದ ಜಲಮಾರ್ಗಗಳನ್ನು ಮುಚ್ಚಲು ಚರ್ಚಿಲ್ ಆದೇಶಿಸಿದರು. ಆ ಒಡ್ಡಿನ ಕೆಲಸಕ್ಕೆ 1942ರಲ್ಲಿ ಈ ಕೈದಿಗಳನ್ನು ಕರೆತರಲಾಯಿತು. ಕೈದಿಗಳಿಂದ ಯುದ್ಧದ ಕೆಲಸ ಮಾಡಿಸುವಂತಿಲ್ಲ ಎಂದು ಅವರು ಪ್ರತಿಭಟಿಸಿದಾಗ, ಇದು ದ್ವೀಪಗಳನ್ನು ಜೋಡಿಸುವ ರಸ್ತೆ ಎಂಬ ಸಮಜಾಯಿಷಿ ದೊರೆಯಿತು!

ಶಿಬಿರದಲ್ಲಿ ಪೂಜೆಗೆ ಸ್ಥಳವಿರಲಿಲ್ಲ. ಶಿಬಿರಾಧಿಕಾರಿ ಮೇಜರ್ ಬಕ್ಲೆಂಡ್ ಮತ್ತು ಶಿಬಿರದ ಗುರುಗಳಾದ ಫಾದರ್ ಜಿಯಾಕೊಬಾಜ್ಜಿಯವರ ಬೆಂಬಲದಿಂದ 1943ರಲ್ಲಿ ಎರಡು ಶೆಡ್ಡುಗಳನ್ನು ಒಂದಕ್ಕೊಂದು ಜೋಡಿಸಲಾಯಿತು. ಒಂದು ತುದಿ ಪೂಜೆಗೆ, ಇನ್ನೊಂದು ಶಾಲೆಗೆ ಎಂಬುದು ಮೊದಲಿನ ಯೋಜನೆ. ಒಂದೇ ಹಾಲ್‌ನಲ್ಲಿ ಎಲ್ಲವನ್ನೂ ನಡೆಸುವ ನಮ್ಮ ಧರ್ಮಕೇಂದ್ರಗಳಿಗೆ ಇದು ಹೊಸದೇನಲ್ಲ.

ಬಲಿಪೀಠವನ್ನು ಒಡ್ಡಿಗೆ ಬಳಸುತ್ತಿದ್ದ ಕಾಂಕ್ರೀಟಿನಿಂದಲೇ ಎರೆದರು. ಪರಮಪ್ರಸಾದವನ್ನಿಡುವ ಪೆಟ್ಟಿಗೆಗೆ ಒಡೆದ ಹಡಗಿನ ಮರ, ದೀಪಗಳಿಗೆ ದನದ ಮಾಂಸದ ಖಾಲಿ ಡಬ್ಬಗಳು. ಪರದೆಗಳನ್ನು ಮಾತ್ರ ಕೈದಿಗಳು ತಮ್ಮ ಕ್ಷೇಮನಿಧಿಯ ಹಣದಿಂದ ಕೊಂಡರು. ಕಮ್ಮಾರ ಪಾಲುಂಬಿ ಬಲಿಪೀಠದ ಮುಂದಿನ ಕಬ್ಬಿಣದ ಜಾಲರಿಯನ್ನು ತಿಂಗಳುಗಟ್ಟಲೆ ಬಡಿದು ರೂಪಿಸಿದ. ಮೊಯೆನಾ ಊರಿನ ಡೊಮೆನಿಕೊ ಕಿಯೊಕ್ಕೆಟ್ಟಿ, ತಾಯಿ ಕೊಟ್ಟ ಪುಟ್ಟ ಪ್ರಾರ್ಥನಾ ಚಿತ್ರವನ್ನು ಯುದ್ಧದುದ್ದಕ್ಕೂ ಜೋಪಾನ ಮಾಡಿದ್ದ. ಅದನ್ನೇ ನೋಡಿ ಮರಿಯಮ್ಮ ಮತ್ತು ಬಾಲಯೇಸುವನ್ನು ಬಲಿಪೀಠದ ಹಿಂದೆ ಚಿತ್ರಿಸಿದ. ತಗಡಿನ ಒಳಮೈಗೆ ಹಲಗೆ ಹೊದಿಸಿ ಇಟ್ಟಿಗೆ ಗೋಡೆಯಂತೆ ಬಣ್ಣ ಹಚ್ಚಲಾಯಿತು.

1944ರ ಸೆಪ್ಟೆಂಬರ್‌ನಲ್ಲಿ ಕೈದಿಗಳನ್ನು ಬೇರೆಡೆಗೆ ಒಯ್ದರು. ಜ್ಞಾನಸ್ನಾನದ ತೊಟ್ಟಿ ಮುಗಿದಿರಲಿಲ್ಲವೆಂದು ಕಿಯೊಕ್ಕೆಟ್ಟಿ ಹಿಂದುಳಿದ. ಚಾಪೆಲನ್ನು ದ್ವೀಪದವರು ಕಾಪಾಡುವರೆಂದು ಭೂಮಾಲೀಕರು ಮಾತು ಕೊಟ್ಟಿದ್ದರು. ಶಿಬಿರವನ್ನು ನಂತರ ಕೆಡವಲಾಯಿತು. ಚಾಪೆಲ್ ಮತ್ತು ಕೈದಿಗಳು ಮಾಡಿದ ಸಂತ ಜಾರ್ಜರ ಪ್ರತಿಮೆ ಉಳಿದವು. ದ್ವೀಪವಾಸಿಗಳಲ್ಲಿ ಬಹುಪಾಲು ಪ್ರೊಟೆಸ್ಟೆಂಟರು. ಆದರೂ 1958ರಲ್ಲಿ ಅಲ್ಲಿಯೇ ಸಂರಕ್ಷಣಾ ಸಮಿತಿ ರಚನೆಯಾಯಿತು.

1960ರಲ್ಲಿ ಕಿಯೊಕ್ಕೆಟ್ಟಿಯವರು ಮರಳಿ ಬಂದು ಮಾಸಿದ ಚಿತ್ರಗಳನ್ನು ಸರಿಪಡಿಸಿದರು. 1964ರಲ್ಲಿ ಪತ್ನಿಯೊಂದಿಗೆ ಬಂದಾಗ ಶಿಲುಬೆಯ ಹಾದಿಯ 14 ಮರದ ಸ್ಥಳಗಳನ್ನು ಕಾಣಿಕೆಯಾಗಿ ತಂದರು. 1999ರಲ್ಲಿ ತಮ್ಮ ಊರಿನಲ್ಲಿ ನಿಧನರಾದರು. ಆ ಹದಿನಾಲ್ಕರಲ್ಲಿ ಮೂರು 2014ರಲ್ಲಿ ಕಳವಾದವು.