ಹಳೆಯ ಮೋಟಾರು ಬಂಡಿಗಳ ಜೀರ್ಣೋದ್ಧಾರ

ಶಹಾಪುರ ತಾಲೂಕಿನ ಶಿರವಾಳವು ಇಂದು ಒಂದು ಸಾಮಾನ್ಯ ಗ್ರಾಮವೇ ಸರಿ. ಆದರೆ ಅಲ್ಲಿ ಪಾಳುಬಿದ್ದು ನಿಂತಿರುವ ಪುರಾತನ ಕಲ್ಲುಗುಡಿಗಳನ್ನು ಕಂಡವರಿಗೆ, ಅದು ಒಂದು ಕಾಲಕ್ಕೆ ಸಾಮಾನ್ಯ ಊರಾಗಿರಲಿಲ್ಲವೆಂಬುದು ಯಾರೂ ಹೇಳದೆಯೇ ತಿಳಿಯುವುದು. ಕನ್ನಡ ನಾಡಿನ ಶಾಸನಗಳನ್ನು ಓದಿದ ವಾಚಕರು ಅವುಗಳಲ್ಲಿ ಮೇಲಿಂದ ಮೇಲೆ ಬರುವ ಒಂದು ಮಾತನ್ನು ಗಮನಿಸಿರಬಹುದು: 'ಖಂಡಸ್ಫುಟಿತಜೀರ್ಣೋದ್ಧಾರ'. ಒಡೆದುದನ್ನೂ ಬಿರಿದುದನ್ನೂ ಸವೆದುದನ್ನೂ ಎತ್ತಿ ನಿಲ್ಲಿಸುವುದೆಂದು ಇದರ ಅರ್ಥ. ದಾನ ಕೊಟ್ಟ ಅರಸರೂ ಸೆಟ್ಟಿಗಳೂ ದೇವರ ಅಂಗಭೋಗ ರಂಗಭೋಗಗಳಿಗೆ ಮಾತ್ರವೇ ಭೂಮಿಯನ್ನು ಬಿಡಲಿಲ್ಲ. ಮುಂದೆ ಗುಡಿಯು ಬಿರುಕು ಬಿಡುವುದು ನಿಶ್ಚಯವೆಂದು ತಿಳಿದು, ಆ ದಿನಕ್ಕಾಗಿಯೂ ಬಿಟ್ಟರು. ಈ ದೂರದೃಷ್ಟಿಯು ದೊಡ್ಡದು. ಆದರೆ ಜೀರ್ಣೋದ್ಧಾರವೆಂದರೆ ಹಳೆಯದನ್ನು ಹಳೆಯದಾಗಿಯೇ ಉಳಿಸುವುದೋ, ಅಥವಾ ಹಳೆಯದರ ಸ್ಥಳದಲ್ಲಿ ಹೊಸದನ್ನು ನಿಲ್ಲಿಸುವುದೋ? ಈ ಪ್ರಶ್ನೆಯು ಗುಡಿಗಳ ವಿಷಯದಲ್ಲಿ ಹುಟ್ಟಿದಂತೆಯೇ, ಆ ದಾನಿಗಳು ಕನಸಿನಲ್ಲಿಯೂ ಕಾಣದಿದ್ದ ಇನ್ನೊಂದು ವಸ್ತುವಿನ ವಿಷಯದಲ್ಲಿಯೂ ಹುಟ್ಟಿದೆ. ಆ ವಸ್ತುವು ಮೋಟಾರು ಬಂಡಿ.

ಶಿರವಾಳವು 1948ರ ಸೆಪ್ಟೆಂಬರಿನವರೆಗೆ ಹೈದರಾಬಾದಿನ ನಿಜಾಮರ ರಾಜ್ಯಕ್ಕೆ ಸೇರಿದ್ದಿತು. ಮೈಸೂರು ರಾಜ್ಯವನ್ನು ಸೇರಿದ್ದು 1956ರ ನವೆಂಬರ 1ರಂದು. 1871ರಲ್ಲಿ ಮುಂಬಯಿಯ ಕಡೆಯ ಉಗಿಬಂಡಿಯ ಹಾದಿಯೂ ಮದರಾಸಿನ ಕಡೆಯ ಹಾದಿಯೂ ರಾಯಚೂರಿನಲ್ಲಿ ಕೂಡಿದ ಮೇಲೆ ಯಾದಗಿರಿಯು ದೊಡ್ಡ ಲೋಕಕ್ಕೆ ಹತ್ತಿರವಾಯಿತು; ಆದರೆ ನಿಲ್ದಾಣದಿಂದ ದೂರವಿದ್ದ ಹಳ್ಳಿಗಳ ಪಾಲಿಗೆ ಅನಂತರವೂ ಬಹುಕಾಲ ಎತ್ತಿನ ಬಂಡಿಯೇ ಬಂಡಿ. ಅದೇ ರಾಜ್ಯದ ದೊರೆಗಾಗಿ ಇಂಗ್ಲೆಂಡಿನಲ್ಲಿ ಸಿದ್ಧವಾದ ಒಂದು ಹವಾಗಾಡಿಯ ಕಥೆಯಿಂದ ಈ ವಿಷಯವನ್ನು ಆರಂಭಿಸುವುದು ಯುಕ್ತ.

ಆರನೆಯ ನಿಜಾಮರಾದ ಮೀರ್ ಮಹಬೂಬ್ ಅಲಿ ಖಾನರು ರೋಲ್ಸ್ ರಾಯ್ಸ್ ಕಂಪನಿಯ 'ಸಿಲ್ವರ್ ಘೋಸ್ಟ್' ಬಂಡಿಯೊಂದನ್ನು ಬೇಡಿಕೆ ಕೊಟ್ಟು ಮಾಡಿಸಿದರು. ಯಂತ್ರಭಾಗವು ರೋಲ್ಸ್ ರಾಯ್ಸರದು. ಅದರ ಮೇಲಣ ಮೈಯನ್ನು ಕಟ್ಟಿದವರು ಲಂಡನ್ನಿನ ಬಾರ್ಕರ್ ಕಂಪನಿಯವರು. ಆ ಕಾಲದಲ್ಲಿ ಯಂತ್ರವನ್ನು ಒಬ್ಬರು, ಮೈಯನ್ನು ಇನ್ನೊಬ್ಬರು ಮಾಡುವುದೇ ರೂಢಿ. ಹಳದಿಯ ಬಣ್ಣ, ಹಿಂಭಾಗದಲ್ಲಿ ಎತ್ತರಿಸಿ ಇರಿಸಿದ ಸಿಂಹಾಸನದಂತಹ ಪೀಠ, ಅದರ ಮೇಲೆ ಗುಮ್ಮಟದಂತಹ ಚಾವಣಿ: ಇದು ಅಂಬಾರಿಯ ಕಲ್ಪನೆಯನ್ನೇ ಚಕ್ರಗಳ ಮೇಲೆ ಇಳಿಸಿದ ಕೃತಿ. ಆದರೆ 1911ರ ಆಗಸ್ಟ್ 29ರಂದು ದೊರೆಗಳು ತೀರಿಕೊಂಡರು. ಬಂಡಿಯು ಅವರ ಪುತ್ರರಾದ ಮೀರ್ ಉಸ್ಮಾನ್ ಅಲಿ ಖಾನರ ಪಾಲಿಗೆ ಬಂದಿತು. ದರ್ಬಾರಿನ ವಿಶೇಷ ದಿನಗಳ ವಿನಾ ಅದು ಹೊರಕ್ಕೆ ಬರಲಿಲ್ಲ. ದಶಕಗಳ ಕಾಲದಲ್ಲಿ ಅದು ಓಡಿದ್ದು ಸುಮಾರು 350 ಮೈಲಿ. ಶಿರವಾಳದಿಂದ ಹೈದರಾಬಾದಿಗೆ ಒಮ್ಮೆ ಹೋಗಿಬರುವ ದಾರಿಗಿಂತ ಇದು ಬಹಳವೇನೂ ಹೆಚ್ಚಲ್ಲ!

ಇಷ್ಟು ಕಡಮೆ ಓಡಿದ ಬಂಡಿಯು ಹೊಸದರಂತೆಯೇ ಇದ್ದಿರಬೇಕೆಂದು ತೋರುವುದು ಸಹಜ. ಅದು ತಪ್ಪು ತಿಳಿವಳಿಕೆ. ಯಂತ್ರವು ನಡೆದು ಸವೆಯುವುದಕ್ಕಿಂತ ನಿಂತು ಕೆಡುವುದೇ ಹೆಚ್ಚು. ನಿಂತ ಯಂತ್ರದ ಸಿಲಿಂಡರಿನ ಗೋಡೆಯ ಮೇಲಣ ಎಣ್ಣೆಯು ಇಳಿದುಹೋಗಿ, ಬರಿದಾದ ಕಬ್ಬಿಣಕ್ಕೆ ತುಕ್ಕು ಹಿಡಿದು, ಪಿಸ್ಟನ್ನು ಅಲ್ಲಿಯೇ ಕಚ್ಚಿಕೊಳ್ಳುವುದು. ತೊಟ್ಟಿಯಲ್ಲಿ ಉಳಿದ ಪೆಟ್ರೋಲು ಅಂಟಾಗಿ ಕಾರ್ಬುರೇಟರಿನ ಸೂಜಿಗಂಡಿಗಳನ್ನು ಮುಚ್ಚುವುದು. ತಂತಿಗೆ ಸುತ್ತಿದ ಹತ್ತಿಯ ಹೊದಿಕೆಯನ್ನು ಇಲಿಗಳು ತಿನ್ನುವುವು. ಮೈಯ ಒಳಗಿನ ಮರದ ಚೌಕಟ್ಟನ್ನು ಗೆದ್ದಲು ತಿನ್ನುವುದು. ಹೊರಗೆ ತಗಡು ಹೊಳೆಯುತ್ತಿರುವಾಗಲೇ ಒಳಗೆ ಹುಡಿ ಮಣ್ಣು ಮಾತ್ರ ಉಳಿದಿರುವುದುಂಟು. ಉಸ್ಮಾನ್ ಅಲಿ ಖಾನರು 1967ರಲ್ಲಿ ತೀರಿಕೊಂಡ ಮೇಲೆ ಆಸ್ತಿಯ ವ್ಯಾಜ್ಯಗಳ ನಡುವೆ ಅರಮನೆಯ ಅನೇಕ ಬಂಡಿಗಳಿಗೆ ಇದೇ ಗತಿಯಾಯಿತು. ಸಿಂಹಾಸನದ ಬಂಡಿಯು ಮಾತ್ರ ಉಳಿದು, ಕುಶಲ ಕೈಗಳಿಂದ ಜೀರ್ಣೋದ್ಧಾರಗೊಂಡು, ಇಂದು ಹೈದರಾಬಾದಿನ ಚೌಮಹಲ್ಲಾ ಅರಮನೆಯಲ್ಲಿ ಪ್ರೇಕ್ಷಕರಿಗೆ ಕಾಣುವಂತೆ ನಿಂತಿದೆ. ಆ ಅರಮನೆಯೂ ಪಾಳುಬಿದ್ದು ಮರಳಿ ಎದ್ದುದೇ. ಅದರ ಉದ್ಧಾರಕಾರ್ಯಕ್ಕೆ 2010ರಲ್ಲಿ ಯುನೆಸ್ಕೋ ಸಂಸ್ಥೆಯ ಮನ್ನಣೆಯು ದೊರೆಯಿತು.

ಹಳೆಯ ಬಂಡಿಯನ್ನು ಪ್ರೀತಿಸುವ ಹವ್ಯಾಸವು ಇಂಗ್ಲೆಂಡಿನಲ್ಲಿ ಮೊದಲು ರೂಪುಗೊಂಡಿತೆನ್ನಬಹುದು. ಅಲ್ಲಿ ಮೋಟಾರಿನ ಮುಂದೆ ಒಬ್ಬ ಮನುಷ್ಯನು ಕಾಲ್ನಡೆಯಿಂದ ಹೋಗಬೇಕೆಂಬ ವಿಚಿತ್ರ ನಿಬಂಧನೆಯೊಂದಿದ್ದಿತು. 1896ರಲ್ಲಿ ಅದು ರದ್ದಾದ ಸಂತೋಷಕ್ಕೆ ಆ ವರ್ಷದ ನವೆಂಬರ 14ರಂದು ಲಂಡನ್ನಿನಿಂದ ಬ್ರೈಟನ್ನಿಗೆ ಬಂಡಿಗಳ ಮೆರವಣಿಗೆಯು ಹೊರಟಿತು. 1927ರಲ್ಲಿ ಅದೇ ದಾರಿಯಲ್ಲಿ ಹಳೆಯ ಬಂಡಿಗಳನ್ನೇ ಓಡಿಸಿ ಆ ದಿನವನ್ನು ಸ್ಮರಿಸಿದರು. 1930ರಲ್ಲಿ ಪ್ರಾಚೀನ ಬಂಡಿಗಳ ಒಂದು ಸಂಘವೇ ಹುಟ್ಟಿತು. 1934ರಲ್ಲಿ ಹುಟ್ಟಿದ ಇನ್ನೊಂದು ಸಂಘವು 'ವಿಂಟೇಜ್' ಎಂಬ ಪದವನ್ನು ತನ್ನ ಹೆಸರಿನಲ್ಲಿ ಇಟ್ಟುಕೊಂಡಿತು. ಆ ಪದಕ್ಕೆ ದ್ರಾಕ್ಷಿಯ ಸುಗ್ಗಿಯೆಂದು ಮೂಲಾರ್ಥ. ಒಳ್ಳೆಯ ಮದ್ಯವನ್ನು ಅದರ ದ್ರಾಕ್ಷಿಯು ಬೆಳೆದ ವರ್ಷದಿಂದ ಗುರುತಿಸುವಂತೆ ಬಂಡಿಯನ್ನೂ ಗುರುತಿಸಿದರು. ಅಂದಿನವರು ಹಳೆಯದೆಂದು ಆದರಿಸಿದ ಅನೇಕ ಬಂಡಿಗಳಿಗೆ ಮೂವತ್ತು ವರ್ಷವೂ ಸರಿಯಾಗಿ ತುಂಬಿರಲಿಲ್ಲವೆಂಬುದು ಸೋಜಿಗ.

ಭಾರತದಲ್ಲಿ ಈ ಕಥೆಯು ಬೇರೊಂದು ದಾರಿಯನ್ನು ಹಿಡಿಯಿತು. ಇಲ್ಲಿ ಹಳೆಯ ಬಂಡಿಯನ್ನು ಉಳಿಸಿದ್ದು ಮೊದಲು ಹವ್ಯಾಸವಲ್ಲ, ಅಗತ್ಯ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಪೆಟ್ರೋಲು ಅಳೆದು ಕೊಡುವಂತಾದಾಗ ಬಂಡಿಗಳ ಹಿಂದೆ ಇದ್ದಲಿನ ಉರುಳೆಯನ್ನು ಕಟ್ಟಿ, ಅದರ ಹೊಗೆಗಾಳಿಯಿಂದ ಓಡಿಸಿದರು. ಯುದ್ಧ ಮುಗಿದು ಸ್ವಾತಂತ್ರ್ಯ ಬಂದ ಮೇಲೆ ಪರದೇಶದ ಬಂಡಿಗಳ ಆಮದು ಬಿಗಿಯಾಯಿತು. 1928ರಿಂದ ಮುಂಬಯಿಯಲ್ಲಿ ಬಂಡಿಗಳನ್ನು ಜೋಡಿಸುತ್ತಿದ್ದ ಜನರಲ್ ಮೋಟಾರ್ಸ್ ಕಂಪನಿಯು 1954ರಲ್ಲಿ ಆ ಕೆಲಸವನ್ನು ನಿಲ್ಲಿಸಿತು. ಬಂಡಿಯುಂಟು, ಬಿಡಿಭಾಗವಿಲ್ಲ, ಇಂತಹ ಪರಿಸ್ಥಿತಿಯಲ್ಲಿ ಪ್ರತಿ ಊರಿನ ಮಿಸ್ತ್ರಿಯೂ ಒಂದು ಸಣ್ಣ ಕಾರಖಾನೆಯಾದನು. ಸವೆದ ಹಲ್ಲುಚಕ್ರಕ್ಕೆ ಲೋಹವನ್ನು ತುಂಬಿ ಅರದಿಂದ ಉಜ್ಜಿ ಹಲ್ಲನ್ನು ತೆಗೆದನು. ಮುರಿದ ಹಿತ್ತಾಳೆಯ ತುಂಡನ್ನು ಮರಳಿನ ಅಚ್ಚಿನಲ್ಲಿ ಎರಕ ಹೊಯ್ದನು. ನಕ್ಷೆಯಿಲ್ಲ, ಪುಸ್ತಕವಿಲ್ಲ, ಹಳೆಯ ತುಂಡೇ ನಕ್ಷೆ. ಸಿರಿವಂತರ ಬಂಡಿಗಳ ಚರಿತ್ರೆಯನ್ನು ಬರೆಯುವವರು ಈ ಮನುಷ್ಯನ ಹೆಸರನ್ನು ಎಲ್ಲಿಯೂ ಬರೆಯಲಿಲ್ಲ. ಗುಡಿಯ ಶಾಸನದಲ್ಲಿ ದಾನಿಯ ಬಿರುದಾವಳಿಯು ಸಾಲುಸಾಲಾಗಿ ಬರುವುದು. ಕಲ್ಲನ್ನು ಕಡೆದ ರೂವಾರಿಯ ಹೆಸರು ಎಲ್ಲಿಯೋ ಒಂದು ಕಡೆ ಬಂದರೆ ಅದೇ ಪುಣ್ಯ.

ಅವನ ಕೆಲಸದ ಸೂಕ್ಷ್ಮವನ್ನು ಒಂದೆರಡು ಕಡೆ ನೋಡಬಹುದು. ಫೋರ್ಡ್ ಕಂಪನಿಯ 'ಟಿ' ಮಾದರಿಯು 1908ರಿಂದ 1927ರವರೆಗೆ ಒಂದೂವರೆ ಕೋಟಿಗೆ ಮಿಕ್ಕಿ ತಯಾರಾದ ಬಂಡಿ. ನೆಲದಿಂದ ಎತ್ತರವಾಗಿದ್ದುದರಿಂದ ಬಂಡಿಜಾಡಿನ ದಾರಿಗೂ ಒಗ್ಗುತ್ತಿದ್ದಿತು. ಅದರಲ್ಲಿಯೂ ಅದರ ಓರಗೆಯ ಬಂಡಿಗಳಲ್ಲಿಯೂ ಯಂತ್ರದ ಮುಖ್ಯ ದಂಡವು ತಿರುಗುವ ಬೇರಿಂಗುಗಳು ಇಂದಿನಂತೆ ಅಂಗಡಿಯಲ್ಲಿ ದೊರೆಯುವ ಬಿಲ್ಲೆಗಳಲ್ಲ. ತವರಕ್ಕೆ ಆಂಟಿಮನಿಯನ್ನೂ ತಾಮ್ರವನ್ನೂ ಬೆರೆಸಿದ ಮೆತ್ತನೆಯ ಬಿಳಿಯ ಲೋಹವನ್ನು ಕರಗಿಸಿ ಅಲ್ಲಿಯೇ ಹೊಯ್ಯಬೇಕು. ಪಾತ್ರೆಗೆ ಕಲಾಯಿ ಹಾಕುವವನು ಬಲ್ಲಂತೆ, ತಳವು ಶುಚಿಯಾಗಿ ಹದವಾಗಿ ಕಾಯದಿದ್ದರೆ ತವರವು ಹಿಡಿಯುವುದಿಲ್ಲ. ಹೊಯ್ದ ಮೇಲೆ ದಂಡಕ್ಕೆ ನೀಲಿಯನ್ನು ಸವರಿ ತಿರುಗಿಸಬೇಕು. ನೀಲಿಯು ತಗಲಿದ ಉಬ್ಬನ್ನು ಮಾತ್ರ ಚಿಕ್ಕ ಉಳಿಯಿಂದ ಕೆರೆಯಬೇಕು. ಮತ್ತೆ ಸವರಿ ಮತ್ತೆ ಕೆರೆಯಬೇಕು. ಅವಸರದ ಮನುಷ್ಯನಿಗೆ ಇದು ಹೇಳಿದ ಕೆಲಸವಲ್ಲ.

ಗಾಲಿಗಳ ಮಾತು ಇನ್ನೂ ಹತ್ತಿರದ್ದು. ಆ ಕಾಲದ ಅನೇಕ ಮೋಟಾರುಗಳ ಗಾಲಿಯ ಅರಗಳು ಮರದವು. ಕಾಯಿಸಿ ಹಿಗ್ಗಿಸಿದ ಕಬ್ಬಿಣದ ಹಳಿಯನ್ನು ಮರದ ಗಾಲಿಯ ಸುತ್ತ ತೊಡಿಸಿ, ನೀರು ಹೊಯ್ದು ಕುಗ್ಗಿಸಿ, ಕೀಲುಗಳೆಲ್ಲ ಬಿಗಿದುಕೊಳ್ಳುವಂತೆ ಮಾಡುವ ವಿದ್ಯೆಯನ್ನು ಹಳ್ಳಿಯ ಬಡಿಗನೂ ಕಮ್ಮಾರನೂ ತಲೆತಲಾಂತರದಿಂದ ಬಲ್ಲರು. ಮೋಟಾರಿನ ಗಾಲಿಗೆ ಕಬ್ಬಿಣದ ಹಳಿಯ ಬದಲು ರಬ್ಬರಿನ ಟೈರು. ಆದರೆ ಗುಂಬಕ್ಕೆ ಅರವನ್ನು ಕೂರಿಸುವ ಲೆಕ್ಕವು ಒಂದೇ. ಎತ್ತಿನ ಬಂಡಿಗೆ ರಬ್ಬರಿನ ಗಾಲಿಗಳು ಬಂದಂತೆಲ್ಲ ಈ ವಿದ್ಯೆಯನ್ನು ಬಲ್ಲವರು ವಿರಳರಾದರು. ಹಳೆಯ ಮೋಟಾರನ್ನು ಉಳಿಸಬೇಕೆನ್ನುವವನು ಹಳೆಯ ಬಡಿಗನನ್ನು ಹುಡುಕಿಕೊಂಡು ಹೋಗಬೇಕಾದುದು ಕಾಲದ ವಿನೋದ.

ಹೊತ್ತಿಸುವ ಕೆಲಸವೂ ಅಪಾಯವಿಲ್ಲದ್ದಲ್ಲ. ವಿದ್ಯುತ್ತಿನಿಂದ ತಾನೇ ಹೊರಡುವ ಸಾಧನವು 1912ರಲ್ಲಿ ಕ್ಯಾಡಿಲಾಕ್ ಬಂಡಿಯೊಂದಿಗೆ ಬಂದಿತು; ಅದಕ್ಕೆ ಮೊದಲು ಮುಂದುಗಡೆಯ ಹ್ಯಾಂಡಲನ್ನು ಕೈಯಿಂದ ತಿರುವಬೇಕು. ಕಿಡಿಯನ್ನು ಹಿಂದಕ್ಕೆ ಸರಿಸುವ ಸಣ್ಣ ಹಿಡಿಯನ್ನು ಮರೆತರೆ ಯಂತ್ರವು ತಿರುಗಿ ಒದೆಯುವುದು, ಮಣಿಕಟ್ಟು ಮುರಿಯುವುದು. ಹ್ಯಾಂಡಲನ್ನು ಹೆಬ್ಬೆರಳಿನಿಂದ ಸುತ್ತಿ ಹಿಡಿಯಬಾರದೆಂಬುದು ಅಂದಿನ ಚಾಲಕರ ಮೊದಲ ಪಾಠ.

ಈಗ ಮೂಲ ಪ್ರಶ್ನೆಗೆ ಬರಬಹುದು. ಗೆದ್ದಲು ತಿಂದ ಚೌಕಟ್ಟನ್ನು ಹೊಸ ಮರದಿಂದ ಮಾಡಿದ್ದಾಯಿತು. ತಗಡು ಹೊಸದು, ಬೇರಿಂಗು ಹೊಸದು, ಚರ್ಮದ ಹೊದಿಕೆ ಹೊಸದು. ಹಿತ್ತಾಳೆಗೆ ಕನ್ನಡಿಯಂತಹ ಹೊಳಪು ಬಂದಿತು. ಬಣ್ಣದ ವಿಷಯವನ್ನೇ ನೋಡಬೇಕು. 1923ರ ಸುಮಾರಿಗೆ ಬೇಗ ಒಣಗುವ ಹೊಸ ಬಗೆಯ ಬಣ್ಣವು ಬರುವವರೆಗೆ, ಒಳ್ಳೆಯ ಬಂಡಿಗೆ ವಾರ್ನಿಷನ್ನು ಪದರಪದರವಾಗಿ ಕುಂಚದಿಂದ ಬಳಿದು, ಪ್ರತಿಯೊಂದನ್ನೂ ಒಣಗಿಸಿ ಉಜ್ಜಿ, ವಾರಗಟ್ಟಲೆ ಕಾಯುತ್ತಿದ್ದರು. ಇಂದಿನ ಯಂತ್ರವು ಒಂದು ಮಧ್ಯಾಹ್ನದಲ್ಲಿ ಅದಕ್ಕಿಂತ ಹೆಚ್ಚು ಹೊಳೆಯುವ ಬಣ್ಣವನ್ನು ಎರಚುವುದು. ಹೀಗೆ ಸಿದ್ಧವಾದುದು ಸುಂದರವಾಗಿರುವುದು ನಿಜ; ಆದರೆ ಅದು ತನ್ನ ಜನ್ಮದಿನದಲ್ಲಿಯೂ ಅಷ್ಟು ಹೊಳೆಯುತ್ತಿರಲಿಲ್ಲ. ಸುಣ್ಣವನ್ನೋ ಎಣ್ಣೆಯ ಬಣ್ಣವನ್ನೋ ಬಳಿದು ಶಿಲ್ಪದ ಕಣ್ಣುಮೂಗುಗಳನ್ನು ಮುಚ್ಚಿದ ಗುಡಿಯನ್ನು ಕಂಡವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಪೂರ್ವಿಕರ ಬೆರಳ ಗುರುತು ಒಮ್ಮೆ ಅಳಿದರೆ ಯಾವ ಮಿಸ್ತ್ರಿಯೂ ಅದನ್ನು ಮರಳಿ ಎರಕ ಹೊಯ್ಯಲಾರನು.

ಪ್ರಾಚೀನ ಕಟ್ಟಡಗಳ ರಕ್ಷಣೆಯ ಬಗ್ಗೆ 1964ರಲ್ಲಿ ವೆನಿಸ್ ನಗರದಲ್ಲಿ ವಿದ್ವಾಂಸರು ಒಂದು ಸನ್ನದನ್ನು ರಚಿಸಿದ್ದರು. ಹಳೆಯ ಬಂಡಿಗಳ ಅಂತರರಾಷ್ಟ್ರೀಯ ಒಕ್ಕೂಟವು ಅದನ್ನೇ ಆದರ್ಶವಾಗಿಟ್ಟುಕೊಂಡು 2012ರಲ್ಲಿ ಟ್ಯೂರಿನ್ನಿನ ಸನ್ನದನ್ನು ಅಂಗೀಕರಿಸಿತು. ಇರುವುದನ್ನು ಇದ್ದಂತೆ ಕಾಯುವುದು ಮೊದಲು. ಕಾಯಲಾಗದ ಸ್ಥಳದಲ್ಲಿ ಮಾತ್ರ ಪುನಾರಚನೆ. ಹೊಸದಾಗಿ ಸೇರಿಸಿದ ಭಾಗವು ಹೊಸದೆಂದು ಗುರುತು ಹತ್ತುವಂತಿರಬೇಕು. ಬಂಡಿಯು ತನ್ನ ಜೀವಮಾನದಲ್ಲಿ ಪಡೆದ ಬದಲಾವಣೆಗಳೂ ಅದರ ಚರಿತ್ರೆಯೇ: ಇದು ಅದರ ಧೋರಣೆ. ಈ ಕೊನೆಯ ಮಾತು ಗಹನವಾದದ್ದು. ಯುದ್ಧಕಾಲದಲ್ಲಿ ಇದ್ದಲಿನ ಉರುಳೆಯನ್ನು ಕಟ್ಟುವುದಕ್ಕೆ ಕೊರೆದ ರಂಧ್ರಗಳನ್ನು ಮುಚ್ಚಿಬಿಟ್ಟರೆ ಬಂಡಿಯು ಅಂದವಾದೀತು, ಯುದ್ಧವು ಮರೆಯಾದೀತು. ಮಿಸ್ತ್ರಿಯು ಕೈಯಿಂದ ಮಾಡಿ ಕೂರಿಸಿದ ಒರಟು ಹಲ್ಲುಚಕ್ರವನ್ನು ಕಿತ್ತು ಇಂಗ್ಲೆಂಡಿನ ಅಸಲಿ ಭಾಗವನ್ನು ತರಿಸಿ ಹಾಕಿದರೂ ಹಾಗೆಯೇ. ಬಂಡಿಯ ಭಾರತೀಯ ಜೀವನವೇ ಅಳಿದುಹೋಗುವುದು. ಬಂಡಿಯು ಕಾರಖಾನೆಯಲ್ಲಿ ಕಳೆದದ್ದು ಕೆಲವು ವಾರ. ಈ ನೆಲದಲ್ಲಿ ಕಳೆದದ್ದು ಎಂಬತ್ತು ತೊಂಬತ್ತು ವರ್ಷ. ಇವುಗಳಲ್ಲಿ ಯಾವುದು ಅಸಲಿ?

ಕನ್ನಡ ನಾಡಿನಲ್ಲಿ ಹಳೆಯ ಬಂಡಿಗಳ ಸಂಗ್ರಹಕ್ಕೆ ಧರ್ಮಸ್ಥಳವು ಹೆಸರಾದ ಸ್ಥಳ. ಅಲ್ಲಿಯ ಧರ್ಮಾಧಿಕಾರಿಗಳಾದ ಡಾ. ವೀರೇಂದ್ರ ಹೆಗ್ಗಡೆಯವರು ಬಹುಕಾಲದಿಂದ ಕೂಡಿಸಿದ ಬಂಡಿಗಳನ್ನು ಯಾತ್ರಿಕರು ನೋಡುತ್ತಾರೆ. 2023ರಲ್ಲಿ ಶ್ರೀರಂಗಪಟ್ಟಣದ ಬಳಿಯಲ್ಲಿ 'ಪಯಣ' ಎಂಬ ಇನ್ನೊಂದು ವಸ್ತುಸಂಗ್ರಹಾಲಯವೂ ತೆರೆಯಿತು. ಹೈದರಾಬಾದಿನಲ್ಲಿ ಅರಸರ ರೋಲ್ಸ್ ರಾಯ್ಸಿನ ಜೊತೆಗೆ ಜನರ ಬಂಡಿಯೊಂದೂ ಉಳಿದಿರುವುದು ಸಮಾಧಾನದ ಸಂಗತಿ. 1932ರ ಜೂನಿನಲ್ಲಿ ನಿಜಾಮರ ರೇಲ್ವೆ ಇಲಾಖೆಯು 27 ಬಸ್ಸುಗಳಿಂದ ರಸ್ತೆಯ ಸಾರಿಗೆಯನ್ನು ಆರಂಭಿಸಿತು. ಆ ಕಾಲದ ಆಲ್ಬಿಯನ್ ಬಸ್ಸೊಂದನ್ನು ಅಲ್ಲಿ ದುರಸ್ತಿಮಾಡಿ ಇರಿಸಿಕೊಂಡಿದ್ದಾರೆ. ಸಿಂಹಾಸನವುಳ್ಳ ಬಂಡಿಯು ಒಬ್ಬನಿಗಾಗಿ ಹುಟ್ಟಿ ಹೆಚ್ಚು ಓಡಲಿಲ್ಲ. ಚೀಟಿ ಕೊಂಡವರನ್ನೆಲ್ಲ ಹೊತ್ತ ಬಸ್ಸುಗಳು ಸವೆದು ಗುಜರಿಗೆ ಹೋದವು. ಆದುದರಿಂದಲೇ ಉಳಿದ ಒಂದರ ಬೆಲೆಯು ಚರಿತ್ರಕಾರನ ಲೆಕ್ಕದಲ್ಲಿ ರೋಲ್ಸ್ ರಾಯ್ಸಿಗೆ ಕಡಮೆಯಲ್ಲ.

ಸರಕಾರವೂ ಈ ವಿಷಯವನ್ನು ಗಮನಿಸಿದೆ. 2021ರ ಜುಲೈಯಲ್ಲಿ ಪ್ರಕಟವಾದ ಕೇಂದ್ರ ನಿಯಮಗಳ ಪ್ರಕಾರ, ಮೊದಲ ನೋಂದಣಿಯಿಂದ 50 ವರ್ಷ ಮೀರಿದ, ಮೂಲರೂಪವು ಹೆಚ್ಚಾಗಿ ಬದಲಾಗದ ಬಂಡಿಗೆ 'ವಿಂಟೇಜ್' ಎಂಬ ಪ್ರತ್ಯೇಕ ನೋಂದಣಿಯುಂಟು. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ. ಪ್ರದರ್ಶನಕ್ಕೆ, ಮೆರವಣಿಗೆಗೆ, ದುರಸ್ತಿಗೆ, ಎಣ್ಣೆ ತುಂಬಿಸುವುದಕ್ಕೆ ರಸ್ತೆಗೆ ಇಳಿಯಬಹುದು. ನಿತ್ಯದ ಓಡಾಟಕ್ಕೂ ವ್ಯಾಪಾರಕ್ಕೂ ಸಲ್ಲದು.

ಎಣ್ಣೆ ತುಂಬಿಸುವುದರಲ್ಲಿಯೂ ಈಗ ಒಂದು ತೊಡಕು ಬಂದಿದೆ. ಹಳೆಯ ಕೆಲವು ಕಾರ್ಬುರೇಟರುಗಳೊಳಗೆ ಪೆಟ್ರೋಲಿನ ಮಟ್ಟವನ್ನು ಕಾಯುವ ತೇಲುಬಿರಡೆಯು ಬೆಂಡಿನದು; ಅದು ಎಣ್ಣೆಯನ್ನು ಹೀರದಂತೆ ಅದಕ್ಕೆ ಅರಗನ್ನು ಲೇಪಿಸುತ್ತಿದ್ದರು. ಅರಗು ಪೆಟ್ರೋಲಿನಲ್ಲಿ ಕರಗುವುದಿಲ್ಲ, ಮದ್ಯಸಾರದಲ್ಲಿ ಕರಗುವುದು. ಇಂದು ಪಂಪಿನಲ್ಲಿ ದೊರೆಯುವ ಪೆಟ್ರೋಲಿನಲ್ಲಿ ನೂರಕ್ಕೆ ಇಪ್ಪತ್ತರವರೆಗೆ ಕಬ್ಬು, ಮೆಕ್ಕೆಜೋಳ ಮೊದಲಾದವುಗಳಿಂದ ತೆಗೆದ ಮದ್ಯಸಾರವೇ ಇರುವುದು. ಲೇಪವು ಕರಗಿ, ಬೆಂಡು ನೆನೆದು ಮುಳುಗಿ, ಪೆಟ್ರೋಲು ಉಕ್ಕಿ ಹರಿದು ಬೆಂಕಿಗೆ ಆಹಾರವಾಗುವ ಭಯವಿರುವುದರಿಂದ, ಬಂಡಿಯ ಮಿಕ್ಕ ಭಾಗಗಳಲ್ಲಿ ಒಂದು ಮೊಳೆಯನ್ನೂ ಬದಲಿಸಲೊಪ್ಪದ ಹಟವಾದಿಗಳು ಕೂಡ ಈ ಬಿರಡೆಯೊಂದನ್ನು ಹಿತ್ತಾಳೆಯಲ್ಲಿ ಹೊಸದಾಗಿ ಮಾಡಿಸಿ, ಹಳೆಯ ಬೆಂಡನ್ನು ಕಾಗದದಲ್ಲಿ ಸುತ್ತಿ, ತಾರೀಖು ಬರೆದು ಪೆಟ್ಟಿಗೆಯಲ್ಲಿ ಇಡುವುದೇ ಸರಿಯಾದ ಮಾರ್ಗ.