ಕುರ್ಚಿಗೆ ಜಾತಿಯಿಲ್ಲ, ಆದರೂ...

ಕಲಬುರಗಿಯ ಶಹಾಬಜಾರ್, ಬ್ರಹ್ಮಪುರದಂಥ ಹಳೆಯ ಬಡಾವಣೆಗಳಾಗಲಿ, ಕೆಂಪು ಬಾಳೆಗೆ ಹೆಸರಾದ ಕಮಲಾಪುರವಾಗಲಿ, ಕಟಿಂಗ್ ಅಂಗಡಿ ಎಂದರೆ ಎಲ್ಲರ ಕಣ್ಣಿಗೂ ಒಂದೇ ಚಿತ್ರ. ಎದುರುಬದುರು ಕನ್ನಡಿ, ಗೋಡೆಗೆ ಕ್ಯಾಲೆಂಡರ್, ಪಟಕದ ತುಂಡು, ಮಕ್ಕಳು ಕೂರಲು ಕುರ್ಚಿಯ ತೋಳುಗಳ ಮೇಲೆ ಅಡ್ಡ ಹಲಗೆ. ಸರದಿ ಬರುವವರೆಗೆ ಒಂದೇ ಪತ್ರಿಕೆಯನ್ನು ಹಾಳೆ ಬಿಡಿಸಿಕೊಂಡು ನಾಲ್ವರು ಓದುತ್ತಾರೆ. ಮಳೆ, ಮದುವೆ, ಚುನಾವಣೆ ಎಲ್ಲವೂ ಅಲ್ಲಿ ಚರ್ಚೆಗೆ ಬರುತ್ತವೆ.

ಈ ಅಂಗಡಿ ಬಹಳ ಹಳೆಯದೇನೂ ಅಲ್ಲ. ಹಿಂದೆ ಹಳ್ಳಿಗಳಲ್ಲಿ ಕ್ಷೌರಿಕನೇ ಗಿರಾಕಿಯ ಮನೆಗೆ ಹೋಗುತ್ತಿದ್ದ. ಬಡಿಗ, ಕಮ್ಮಾರ, ಅಗಸರಂತೆ ಅವನೂ ಆಯಗಾರ. ಸುಗ್ಗಿಯಲ್ಲಿ ಕಣದಿಂದ ಸಿಗುವ ಕಾಳೇ ಅವನ ವರ್ಷದ ಕೂಲಿ. ಮದುವೆ, ಜವಳ, ಸಾವು ಯಾವುದೂ ಅವನಿಲ್ಲದೆ ನಡೆಯುತ್ತಿರಲಿಲ್ಲ. ಆದರೆ ಪಂಕ್ತಿಯಲ್ಲಿ ಅವನಿಗೆ ಸಮನಾದ ಎಡೆ ಇರಲಿಲ್ಲ.

ಮಾತಿನಲ್ಲೂ ಈ ಇತಿಹಾಸ ಉಳಿದಿದೆ. ನಾವಿ, ನಾವಿಂದ ಎಂಬ ಹೆಸರುಗಳ ಮೂಲ ಸಂಸ್ಕೃತದ ನಾಪಿತ. ಹಜಾಮ ಎಂಬುದು ಅರಬ್ಬಿಯಿಂದ ಬಂದದ್ದು, ಕೆಟ್ಟ ರಕ್ತ ತೆಗೆಯುವ ವೈದ್ಯ ಎಂಬುದು ಅದರ ಮೂಲಾರ್ಥ. ಯುರೋಪಿನಲ್ಲೂ ಕ್ಷೌರಿಕರೇ ಶಸ್ತ್ರವೈದ್ಯರಾಗಿದ್ದರು. ಲಂಡನ್ನಿನಲ್ಲಿ ಈ ಎರಡು ಕಸುಬುಗಳು ಬೇರೆಯಾದದ್ದು 1745ರಲ್ಲಿ. ವೈದ್ಯನನ್ನು ಸೂಚಿಸುತ್ತಿದ್ದ ಪದ ನಮ್ಮಲ್ಲಿ ಬೈಗುಳವಾಯಿತು. ಅದನ್ನು ಹಾಗೆ ಬಳಸಬಾರದೆಂದು ಈ ಸಮಾಜದವರು ಕೇಳುತ್ತಿರುವುದು ನ್ಯಾಯವೇ ಆಗಿದೆ.

ಗೌರವದ ನೆನಪುಗಳೂ ಇವೆ. ಹಡಪ ಎಂದರೆ ಎಲೆ ಅಡಿಕೆಯ ಚೀಲ, ಕ್ಷೌರಿಕನ ಸಲಕರಣೆಯ ಚೀಲವೂ ಹೌದು. 12ನೇ ಶತಮಾನದಲ್ಲಿ ಬಸವಣ್ಣನವರ ನಿಕಟವರ್ತಿಯಾಗಿದ್ದ ಹಡಪದ ಅಪ್ಪಣ್ಣ ಹಾಗೂ ಪತ್ನಿ ಲಿಂಗಮ್ಮ ಇಬ್ಬರೂ ವಚನಕಾರರು. ಉತ್ತರ ಕರ್ನಾಟಕದ ಹಡಪದ ಸಮಾಜ ಅಪ್ಪಣ್ಣನವರನ್ನು ತಮ್ಮ ಹಿರಿಯರೆಂದು ಕಾಣುತ್ತದೆ. 16ನೇ ಶತಮಾನದಲ್ಲಿ, ವಿಜಯನಗರದ ಸದಾಶಿವರಾಯನ ಕಾಲದಲ್ಲಿ, ಕೊಂಡೋಜನೆಂಬ ಕ್ಷೌರಿಕನ ಕೆಲಸಕ್ಕೆ ಅಳಿಯ ರಾಮರಾಯ ಮೆಚ್ಚಿದ. ಅದರಿಂದ ಆ ಕಸುಬಿನವರ ತೆರಿಗೆಯೇ ಮನ್ನಾ ಆಯಿತು. ಇದನ್ನು ಹಲವು ಶಾಸನಗಳು ಹೇಳುತ್ತವೆ.

ಪೇಟೆಯ ಅಂಗಡಿ ತಂದ ದೊಡ್ಡ ಬದಲಾವಣೆ ಕನ್ನಡಿಯಲ್ಲ, ರೊಕ್ಕ. ಕಾಳಿನ ಬದಲು ನಗದು ಬಂದಾಗ ಕ್ಷೌರಿಕ ಯಾರ ಆಳೂ ಆಗಿ ಉಳಿಯಲಿಲ್ಲ. ದುಡ್ಡು ಕೊಟ್ಟವರಿಗೆಲ್ಲ ಕುರ್ಚಿ ಎಂಬುದು ಅಂಗಡಿಯ ನಿಯಮವಾಯಿತು. ಆದರೆ ಆ ನಿಯಮ ಎಲ್ಲ ಊರನ್ನೂ ಮುಟ್ಟಲಿಲ್ಲ. ದಲಿತರಿಗೆ ಕ್ಷೌರ ನಿರಾಕರಿಸಿದ ಸುದ್ದಿ ರಾಜ್ಯದ ಹಳ್ಳಿಗಳಿಂದ ಈಗಲೂ ಬರುತ್ತದೆ. 1955ರ ಕಾಯ್ದೆಯಿಂದಲೇ ಇದು ಅಪರಾಧ. ಹಲವೆಡೆ ಕ್ಷೌರಿಕನನ್ನು ತಡೆಯುವುದು ಮೇಲ್ಜಾತಿ ಗಿರಾಕಿಗಳನ್ನು ಕಳೆದುಕೊಳ್ಳುವ ಭಯ. ತಾನೇ ಕೀಳೆನಿಸಿಕೊಂಡವನ ಕೈಯಿಂದಲೇ ಮತ್ತೊಬ್ಬರನ್ನು ದೂರವಿಡಿಸುವುದು ಜಾತಿಯ ಹಳೆಯ ವರಸೆ.

2020ರ ಮಾರ್ಚ್‌ನಲ್ಲಿ ದೇಶದ ಮೊದಲ ಕೊರೊನಾ ಸಾವು ಕಲಬುರಗಿಯಲ್ಲಿ ವರದಿಯಾಯಿತು. ಲಾಕ್‌ಡೌನ್‌ನಲ್ಲಿ ಅಂಗಡಿಗಳು ಮುಚ್ಚಿದವು. ದಿನದ ದುಡಿಮೆಯನ್ನೇ ನಂಬಿದವರಿಗೆ ಅದು ದೊಡ್ಡ ಪೆಟ್ಟು. ಆ ಮೇ ತಿಂಗಳಲ್ಲಿ ರಾಜ್ಯ ಸರ್ಕಾರ ಸುಮಾರು 2.30 ಲಕ್ಷ ಕ್ಷೌರಿಕರಿಗೆ ತಲಾ 5,000 ರೂಪಾಯಿ ನೆರವು ಘೋಷಿಸಿತು. ಮನೆಯಲ್ಲೇ ಕತ್ತರಿ ಹಿಡಿದು ಸೋತ ಗಂಡಸರಿಗೆ ಈ ಕಸುಬಿನ ಬೆಲೆ ಆಗ ತಿಳಿಯಿತು.

ಗಿರಾಕಿ ಕಣ್ಣು ಮುಚ್ಚಿ ಕತ್ತು ಒಡ್ಡುತ್ತಾನೆ, ಎದುರಿನವನ ಕೈಯಲ್ಲಿ ಹರಿತವಾದ ಕತ್ತಿ ಇರುತ್ತದೆ. ಇಷ್ಟು ನಂಬಿಕೆ ಬೇಡುವ ಕಸುಬುಗಳು ಕಡಿಮೆ. ಆ ನಂಬಿಕೆ ಕುರ್ಚಿಯಿಂದ ಎದ್ದ ಮೇಲೂ ಗೌರವವಾಗಿ ಉಳಿಯಬೇಕು. ಕಾದು ಕುಳಿತವರಲ್ಲಿ ಯಾರ ಸರದಿಯೂ ತಪ್ಪಬಾರದು.