ಜಪ್ತಿಯಾದ ಮೇಲೆ ಮಾಲು ಏನಾಗುತ್ತದೆ? ಕೊಳೆತ ಗೊಬ್ಬರ ಕಲಿಸಿದ ಪಾಠ

'ಅಕ್ರಮವಾಗಿ ಸಾಗಿಸುತ್ತಿದ್ದ ಪಡಿತರ ಅಕ್ಕಿ ವಶ, ಲಾರಿ ಜಪ್ತಿ.' ಇಂಥ ಸುದ್ದಿ ನಮ್ಮ ವಾಟ್ಸಾಪ್ ಗುಂಪುಗಳಿಗೆ ಹೊಸದೇನಲ್ಲ. ಮೂಟೆಗಳ ಪಕ್ಕ ಅಧಿಕಾರಿಗಳು ನಿಂತ ಫೋಟೊ, ಇಷ್ಟು ಕ್ವಿಂಟಲ್, ಇಷ್ಟು ಮೌಲ್ಯ, ಪ್ರಕರಣ ದಾಖಲು. ಅಲ್ಲಿಗೆ ಸುದ್ದಿ ಮುಗಿಯಿತು. ಆ ಅಕ್ಕಿ ಆಮೇಲೆ ಎಲ್ಲಿಗೆ ಹೋಯಿತು ಎಂದು ಕೇಳುವವರು ಕಡಿಮೆ. ಆದರೆ ಕಾನೂನಿನ ಮುಖ್ಯ ಕೆಲಸ ಶುರುವಾಗುವುದೇ ಫೋಟೊ ತೆಗೆದಾದ ಮೇಲೆ. ಈ ಕಾನೂನು ಎಲ್ಲಿಂದ ಬಂತು, ಅದರಂತೆ ನಡೆಯದಿದ್ದರೆ ಏನಾಗುತ್ತದೆ ಎಂಬುದನ್ನು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ಯುದ್ಧಕಾಲದಲ್ಲಿ ಹುಟ್ಟಿದ ಅಧಿಕಾರ

ಎರಡನೇ ಮಹಾಯುದ್ಧ ಶುರುವಾದಾಗ ಬ್ರಿಟಿಷ್ ಸರ್ಕಾರ 1939ರಲ್ಲಿ ಭಾರತ ರಕ್ಷಣಾ ನಿಯಮಗಳನ್ನು ತಂದಿತು. ಧಾನ್ಯ, ಬಟ್ಟೆ, ಸೀಮೆಎಣ್ಣೆಯಂಥ ವಸ್ತುಗಳ ಬೆಲೆ, ದಾಸ್ತಾನು, ಸಾಗಾಟಗಳ ಮೇಲೆ ಸರ್ಕಾರಕ್ಕೆ ಹಿಡಿತ ಸಿಕ್ಕಿದ್ದು ಆಗ. ಆ ಹಿಡಿತ ಇದ್ದೂ 1943ರಲ್ಲಿ ಬಂಗಾಳದ ಬರದಲ್ಲಿ ಲಕ್ಷಾಂತರ ಜನ ಸತ್ತರು. ಕಾಳಸಂತೆ ಎಂದರೇನು ಎಂಬುದು ದೇಶಕ್ಕೆಲ್ಲ ಗೊತ್ತಾಯಿತು.

ಯುದ್ಧ ಮುಗಿದರೂ ಅಭಾವ ಮುಗಿಯಲಿಲ್ಲ. 1946ರಲ್ಲಿ 'ತಾತ್ಕಾಲಿಕ' ಎಂಬ ಹೆಸರಿಟ್ಟೇ ಒಂದು ಕಾಯ್ದೆ ಬಂತು. ಅದನ್ನು ಮುಂದುವರಿಸುತ್ತಾ ಹೋಗಿ, ಕೊನೆಗೆ ಸಂವಿಧಾನಕ್ಕೆ ಮೂರನೇ ತಿದ್ದುಪಡಿ ಮಾಡಿ, 1955ರ ಏಪ್ರಿಲ್ 1ರಿಂದ ಅಗತ್ಯ ವಸ್ತುಗಳ ಕಾಯ್ದೆ ಜಾರಿಗೆ ಬಂತು. ಇವತ್ತಿಗೂ ಆಹಾರ ಇಲಾಖೆಯವರು ದಾಳಿ ಮಾಡುವುದು ಇದೇ ಕಾಯ್ದೆಯ ಬಲದ ಮೇಲೆ.

ಮೊದಲ ಹತ್ತು ವರ್ಷ ಒಂದು ತೊಡಕಿತ್ತು. ಮಾಲು ಹಿಡಿಯಬಹುದಿತ್ತು, ಆದರೆ ಅದನ್ನು ಸರ್ಕಾರದ್ದಾಗಿ ಮಾಡಿಕೊಳ್ಳಲು ನ್ಯಾಯಾಲಯದ ತೀರ್ಪಿಗೆ ಕಾಯಬೇಕಿತ್ತು. ಕೇಸು ಮುಗಿಯುವ ಹೊತ್ತಿಗೆ ಧಾನ್ಯಕ್ಕೆ ಹುಳ ಬಿದ್ದಿರುತ್ತಿತ್ತು. ಬರಗಾಲದ 1966ರಲ್ಲಿ ಕಾಯ್ದೆಗೆ 6ಎ ಎಂಬ ಕಲಂ ಸೇರಿಸಿ, ಆ ಅಧಿಕಾರವನ್ನು ಜಿಲ್ಲಾಧಿಕಾರಿಗೆ ಕೊಟ್ಟರು. ತಪ್ಪಿತಸ್ಥನಿಗೆ ಜೈಲು ಶಿಕ್ಷೆ ಕೊಡುವುದು ನ್ಯಾಯಾಲಯದ ಕೆಲಸವಾಗಿಯೇ ಉಳಿಯಿತು.

ಜಪ್ತಿ ಬೇರೆ, ಮುಟ್ಟುಗೋಲು ಬೇರೆ

ಮಾತಿನಲ್ಲಿ ನಾವು ಎರಡನ್ನೂ ಒಂದೇ ಎನ್ನುತ್ತೇವೆ. ಕಾನೂನಿನಲ್ಲಿ ಹಾಗಲ್ಲ. ಜಪ್ತಿ ಎಂದರೆ ಮಾಲನ್ನು ಸದ್ಯಕ್ಕೆ ವಶಕ್ಕೆ ಪಡೆಯುವುದು, ಅದಿನ್ನೂ ಮಾಲೀಕನದ್ದೇ. ಮುಟ್ಟುಗೋಲು ಎಂದರೆ ಅದು ಸರ್ಕಾರದ ಆಸ್ತಿಯಾಯಿತು ಎಂದು ಆದೇಶ ಮಾಡುವುದು. ಇವೆರಡರ ನಡುವೆ ಹಲವು ಮೆಟ್ಟಿಲುಗಳಿವೆ.

ಶೋಧ ನಡೆಸುವಾಗ ಆ ಊರಿನ ಕನಿಷ್ಠ ಇಬ್ಬರು ಪಂಚರು ಇರಬೇಕು. ಮಹಜರು ಬರೆದು, ಸಿಕ್ಕ ವಸ್ತುಗಳ ಪಟ್ಟಿ ಮಾಡಿ ಸಹಿ ಹಾಕಿಸಬೇಕು. ಜಾಗದವನಿಗೆ ಅದರ ಪ್ರತಿ ಕೊಡಬೇಕು. ಜಪ್ತಿಯ ವರದಿ ವಿನಾಕಾರಣ ತಡವಿಲ್ಲದೆ ಜಿಲ್ಲಾಧಿಕಾರಿಗೆ ತಲುಪಬೇಕು. ಮುಟ್ಟುಗೋಲಿಗೆ ಮೊದಲು ಮಾಲೀಕನಿಗೆ ಕಾರಣ ತಿಳಿಸಿ ಲಿಖಿತ ನೋಟಿಸ್ ಕೊಡಬೇಕು, ಅವನ ಉತ್ತರ ಪಡೆಯಬೇಕು, ಅವನ ಮಾತು ಕೇಳಬೇಕು. ಆದೇಶ ಒಪ್ಪಿಗೆಯಾಗದಿದ್ದರೆ ಒಂದು ತಿಂಗಳೊಳಗೆ ಮೇಲ್ಮನವಿ ಸಲ್ಲಿಸಬಹುದು.

ಹಳ್ಳಿಯವರು ನೆನಪಿಡಬೇಕಾದ ಎರಡು ಮಾತು ಇದರಲ್ಲಿವೆ. ರೈತ ತಾನೇ ಬೆಳೆದ ಆಹಾರಧಾನ್ಯ ಅಥವಾ ಎಣ್ಣೆಕಾಳು ಅವನ ಕೈಯಿಂದ ಜಪ್ತಿಯಾದರೂ, ಅದನ್ನು 6ಎ ಕಲಮಿನಡಿ ಮುಟ್ಟುಗೋಲು ಹಾಕುವಂತಿಲ್ಲ. ಬಾಡಿಗೆಗೆ ಓಡುವ ಗಾಡಿ ಸಿಕ್ಕಿಬಿದ್ದರೆ, ಗಾಡಿಯ ಬದಲು ದಂಡ ಕಟ್ಟುವ ಅವಕಾಶವನ್ನು ಮಾಲೀಕನಿಗೆ ಕೊಡಲೇಬೇಕು. ಆ ದಂಡ, ಜಪ್ತಿಯ ದಿನ ಗಾಡಿಯಲ್ಲಿದ್ದ ಅಗತ್ಯ ವಸ್ತುವಿನ ಮಾರುಕಟ್ಟೆ ಬೆಲೆಯನ್ನು ಮೀರುವಂತಿಲ್ಲ.

ಹಾಳಾಗುವ ಮಾಲಿನ ವಿಷಯದಲ್ಲಿ ಕಾಯ್ದೆ ಇನ್ನೂ ಸ್ಪಷ್ಟವಾಗಿದೆ. ಕೇಸು ಮುಗಿಯುವವರೆಗೆ ಕಾಯಬೇಕಿಲ್ಲ. ನಿಯಂತ್ರಿತ ಬೆಲೆಗೆ ಮಾರಬಹುದು ಇಲ್ಲವೇ ಹರಾಜು ಹಾಕಬಹುದು. ಆಹಾರಧಾನ್ಯವಾದರೆ ನ್ಯಾಯಬೆಲೆ ಅಂಗಡಿಯ ಮೂಲಕ ಜನರಿಗೆ ತಲುಪಿಸಬಹುದು. ಮುಂದೆ ಮಾಲೀಕ ನಿರಪರಾಧಿ ಎಂದಾದರೆ ಮಾರಿ ಬಂದ ಹಣ ಅವನಿಗೆ ಸೇರುತ್ತದೆ.

ಆಂಧ್ರದ ಗೊಬ್ಬರ

1975ರ ಆಗಸ್ಟ್. ದೇಶದಲ್ಲಿ ತುರ್ತುಪರಿಸ್ಥಿತಿ. ಆಂಧ್ರಪ್ರದೇಶದಲ್ಲಿ ಎನ್. ನಾಗೇಂದ್ರ ರಾವ್ ಅಂಡ್ ಕಂಪನಿ ಎಂಬ, ಪರವಾನಗಿ ಇದ್ದ ಅಂಗಡಿಯ ಮೇಲೆ ವಿಜಿಲೆನ್ಸ್ ಪೊಲೀಸರ ದಾಳಿ ನಡೆಯಿತು. ರಸಗೊಬ್ಬರ, ಆಹಾರಧಾನ್ಯ, ಜೊತೆಗೆ ಅಗತ್ಯ ವಸ್ತುಗಳ ಪಟ್ಟಿಯಲ್ಲೇ ಇಲ್ಲದ ಮಾಲೂ ಜಪ್ತಿಯಾಯಿತು. ಅದೇ ತಿಂಗಳ ಕೊನೆಗೆ ಜಿಲ್ಲಾ ಕಂದಾಯ ಅಧಿಕಾರಿ ಆದೇಶ ಹೊರಡಿಸಿದರು. ಧಾನ್ಯವನ್ನು ತಹಶೀಲ್ದಾರರು ಮಾರಿ ಹಣವನ್ನು ಖಜಾನೆಗೆ ಕಟ್ಟಬೇಕು, ಗೊಬ್ಬರವನ್ನು ಸಹಾಯಕ ಕೃಷಿ ಅಧಿಕಾರಿ ಅಗತ್ಯವಿರುವ ರೈತರಿಗೆ ಹಂಚಬೇಕು. ಅಲ್ಲಿಯವರೆಗೆ ಎಲ್ಲವೂ ಕಾಯ್ದೆಯಂತೆಯೇ ನಡೆದಿತ್ತು.

ಗೊಬ್ಬರ ಮಾತ್ರ ಹಂಚಿಕೆಯಾಗಲಿಲ್ಲ. ಮಾಲು ಕೆಡುತ್ತದೆ, ಬೇಗ ವಿಲೇವಾರಿ ಮಾಡಿ ಎಂದು ವ್ಯಾಪಾರಿ ಸೆಪ್ಟೆಂಬರ್‌ನಿಂದಲೇ ಅರ್ಜಿ ಮೇಲೆ ಅರ್ಜಿ ಕೊಟ್ಟರು. ಯಾರೂ ಕದಲಲಿಲ್ಲ. 1976ರ ಜೂನ್‌ನಲ್ಲಿ ಜಿಲ್ಲಾಧಿಕಾರಿಯ ಆದೇಶ ಬಂತು. ಕಾಳಸಂತೆಗೂ ಸಾಕ್ಷ್ಯವಿಲ್ಲ, ಕಲಬೆರಕೆಗೂ ಸಾಕ್ಷ್ಯವಿಲ್ಲ. ಲೆಕ್ಕಪುಸ್ತಕ ಸರಿಯಿಲ್ಲ ಎಂಬುದಕ್ಕೆ ಸ್ವಲ್ಪ ಮಾಲು ಮಾತ್ರ ಮುಟ್ಟುಗೋಲು. ವ್ಯಾಪಾರಿ ತನ್ನ ಗೊಬ್ಬರ ಬಿಡಿಸಿಕೊಳ್ಳಲು ಹೋಗುವ ಹೊತ್ತಿಗೆ 1977 ಬಂದಿತ್ತು. ಕಣ್ಣಿಗೆ ಬಿದ್ದದ್ದು ಕೆಟ್ಟುಹೋದ ರಾಶಿ. ಅದರಲ್ಲಿ ಗುಣವೂ ಉಳಿದಿರಲಿಲ್ಲ, ತೂಕವೂ ಉಳಿದಿರಲಿಲ್ಲ.

ನಷ್ಟ ಯಾರದು? ವ್ಯಾಪಾರಿಯದು ಒಂದು ಲಕ್ಷ ರೂಪಾಯಿಗೂ ಹೆಚ್ಚು. ರೈತರದನ್ನು ಲೆಕ್ಕ ಹಾಕಿದವರಿಲ್ಲ. ಅವರಿಗೆಂದೇ ಆದೇಶವಾಗಿದ್ದ ಗೊಬ್ಬರ ಯಾರ ಹೊಲಕ್ಕೂ ಬೀಳಲಿಲ್ಲ.

ಸರ್ಕಾರ ಹೊಣೆಯಲ್ಲ ಎಂಬ ವಾದ

ವ್ಯಾಪಾರಿ ದಾವೆ ಹೂಡಿದರು. ಕೆಳ ನ್ಯಾಯಾಲಯ ಪರಿಹಾರ ಕೊಡಿ ಎಂದಿತು. ಹೈಕೋರ್ಟ್ ಅದನ್ನು ತಳ್ಳಿಹಾಕಿತು. ಅದಕ್ಕೆ ಆಧಾರವಾಗಿದ್ದು ಕಸ್ತೂರಿ ಲಾಲ್ ಎಂಬ ಹಳೆಯ ತೀರ್ಪು. 1947ರಲ್ಲಿ ಮೀರತ್‌ನಲ್ಲಿ ಪೊಲೀಸರು ಒಬ್ಬ ವ್ಯಾಪಾರಿಯಿಂದ ಚಿನ್ನ ವಶಪಡಿಸಿಕೊಂಡಿದ್ದರು. ಅದನ್ನು ಕಾಯಬೇಕಿದ್ದ ಹೆಡ್ ಕಾನ್‌ಸ್ಟೆಬಲ್ ಚಿನ್ನದೊಂದಿಗೆ ಪಾಕಿಸ್ತಾನಕ್ಕೆ ಓಡಿಹೋದ. ವಶಪಡಿಸಿಕೊಳ್ಳುವುದು ರಾಜ್ಯದ ಸಾರ್ವಭೌಮ ಅಧಿಕಾರ, ಅದರಲ್ಲಿ ತಪ್ಪಾದರೆ ಸರ್ಕಾರ ಹಣ ಕೊಡಬೇಕಿಲ್ಲ ಎಂದು ಸುಪ್ರೀಂ ಕೋರ್ಟ್ 1964ರಲ್ಲಿ ಹೇಳಿತ್ತು.

ಮೂವತ್ತು ವರ್ಷದ ನಂತರ, 1994ರ ಸೆಪ್ಟೆಂಬರ್‌ನಲ್ಲಿ, ಅದೇ ಸುಪ್ರೀಂ ಕೋರ್ಟ್ ಗೊಬ್ಬರದ ಪ್ರಕರಣದಲ್ಲಿ ಈ ವಾದವನ್ನು ಒಪ್ಪಲಿಲ್ಲ. ಜಪ್ತಿ ಮಾಡುವ ಅಧಿಕಾರ ಕೊಟ್ಟ ಕಾಯ್ದೆಯೇ ಮಾಲನ್ನು ಜೋಪಾನ ಮಾಡುವ, ಮುಟ್ಟುಗೋಲು ಆಗದಿದ್ದರೆ ಮಾಲನ್ನೋ ಅದರ ಬೆಲೆಯನ್ನೋ ಹಿಂದಿರುಗಿಸುವ ಹೊಣೆಯನ್ನೂ ಹೊರಿಸಿದೆ. ಅಧಿಕಾರಿಗಳ ನಿರ್ಲಕ್ಷ್ಯಕ್ಕೆ ಸರ್ಕಾರವೇ ಉತ್ತರಿಸಬೇಕು. ಹೀಗೆ ಹೇಳಿ ಕೆಳ ನ್ಯಾಯಾಲಯದ ತೀರ್ಪನ್ನೇ ಎತ್ತಿಹಿಡಿಯಿತು. ದಾಳಿ ನಡೆದು ಆಗ 19 ವರ್ಷವಾಗಿತ್ತು.

ನಾವು ಕೇಳಬೇಕಾದದ್ದು

2020ರಲ್ಲಿ ಈ ಕಾಯ್ದೆಗೆ ತಿದ್ದುಪಡಿ ಬಂತು. ರೈತ ಹೋರಾಟದ ನಂತರ 2021ರಲ್ಲಿ ಆ ತಿದ್ದುಪಡಿ ವಾಪಸಾಯಿತು. ಆ ಗದ್ದಲವೆಲ್ಲ ಮುಖ್ಯವಾಗಿ ದಾಸ್ತಾನು ಮಿತಿಯ ಸುತ್ತ ಇತ್ತು. ಜಪ್ತಿಯ ಮೆಟ್ಟಿಲುಗಳು ಮೊದಲಿದ್ದಂತೆಯೇ ಇವೆ.

ಪಡಿತರ ಅಕ್ಕಿ ಕದಿಯುವವರ ಮೇಲೆ ಕರುಣೆ ಬೇಕಿಲ್ಲ. ಮಹಜರು ಸರಿಯಿಲ್ಲದಿದ್ದರೆ, ನೋಟಿಸ್ ಕೊಡದಿದ್ದರೆ ಲಾಭವಾಗುವುದು ಅವರಿಗೇ. ಮೇಲ್ಮನವಿಯಲ್ಲಿ ಆದೇಶ ಬಿದ್ದುಹೋಗುತ್ತದೆ. ಅಕ್ಕಿ ಗೋದಾಮಿನಲ್ಲೇ ಕೊಳೆತರೆ ನಷ್ಟ ಕಾರ್ಡುದಾರರದು.

ನಿಮ್ಮ ತಾಲ್ಲೂಕಿನಲ್ಲಿ ಮುಂದಿನ ಸಲ ಅಕ್ಕಿ ಸಿಕ್ಕಿಬಿದ್ದ ಸುದ್ದಿ ಬಂದರೆ, ಒಂದು ತಿಂಗಳು ಬಿಟ್ಟು ಮಾಹಿತಿ ಹಕ್ಕಿನಡಿ ನಾಲ್ಕು ಪ್ರಶ್ನೆ ಹಾಕಿ ನೋಡಿ. ಮಹಜರಿನಲ್ಲಿ ತೂಕ ಎಷ್ಟಿದೆ? ಜಿಲ್ಲಾಧಿಕಾರಿಗೆ ವರದಿ ಹೋದ ತಾರೀಖು ಯಾವುದು? ಅಕ್ಕಿ ಈಗ ಯಾವ ಗೋದಾಮಿನಲ್ಲಿದೆ, ತೂಕ ಎಷ್ಟು ಉಳಿದಿದೆ? ಮಾರಿದ್ದರೆ ಬಂದ ಹಣ ಎಷ್ಟು, ಅದನ್ನು ಎಲ್ಲಿ ಕಟ್ಟಿದ್ದಾರೆ?